ಟಿ.ವಿ.ಯಿಂದ ಇಳಿದು ಅಟ್ಟ ಸೇರಿದ ವೀರರು

ತಯಾರಿಸಿದ ಸಾಮಾನು ತೀರಾ ಗಟ್ಟಿಮುಟ್ಟಾಗಿದ್ದರೆ ಅದೂ ಒಮ್ಮೊಮ್ಮೆ ವ್ಯಾಪಾರಿಗೆ ತಲೆನೋವೇ. ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿದ್ದ ಅಲಾದ್ದೀನ್ ಇಂಡಸ್ಟ್ರೀಸ್ ಎಂಬ ಕಂಪನಿಗೆ ಇಂಥದೊಂದು ಕಷ್ಟ ಬಂದಿತ್ತು. ಅದು ಮಾಡುತ್ತಿದ್ದುದು ಮಕ್ಕಳು ಶಾಲೆಗೆ ಒಯ್ಯುವ ತಗಡಿನ ಊಟದ ಡಬ್ಬಿ. ಒಮ್ಮೆ ಕೊಂಡರೆ ಮುಗಿಯಿತು. ಅಣ್ಣನ ನಂತರ ತಮ್ಮ, ತಮ್ಮನ ನಂತರ ತಂಗಿ ಅದನ್ನೇ ಹಿಡಿದು ಹೋಗುತ್ತಿದ್ದರು. ಹೊಸ ಡಬ್ಬಿ ಕೊಳ್ಳುವವರು ಯಾರು?

1950ರಲ್ಲಿ ಕಂಪನಿಗೆ ಉಪಾಯ ಹೊಳೆಯಿತು. ಆಗ ಅಮೆರಿಕದ ಮನೆಮನೆಗೂ ಟೆಲಿವಿಷನ್ ಬರುತ್ತಿದ್ದ ಕಾಲ. ಹೋಪಲಾಂಗ್ ಕ್ಯಾಸಿಡಿ ಎಂಬ ಕುದುರೆ ಸವಾರ ಕೌಬಾಯ್ ಪುಟಾಣಿಗಳ ಕಣ್ಮಣಿಯಾಗಿದ್ದ. ಡಬ್ಬಿಗೆ ಕೆಂಪು ಅಥವಾ ನೀಲಿ ಬಣ್ಣ ಬಳಿದು, ಮೇಲೆ ಅವನ ಚಿತ್ರವೊಂದನ್ನು ಅಂಟಿಸಿದರು. ಅಷ್ಟೇ. ಮೊದಲ ವರ್ಷದಲ್ಲೇ 6 ಲಕ್ಷ ಡಬ್ಬಿಗಳು ಬಿಕರಿಯಾದವು. ಮನೆಯಲ್ಲಿದ್ದ ಡಬ್ಬಿ ಸವೆಯದಿದ್ದರೂ ಮಕ್ಕಳಿಗೆ ಹೊಸದು ಬೇಕಾಯಿತು. ಮುಂದಿನ ವರ್ಷ ಇನ್ನೊಬ್ಬ ವೀರ, ಇನ್ನೊಂದು ಡಬ್ಬಿ. ಪ್ರತಿಸ್ಪರ್ಧಿ ಅಮೆರಿಕನ್ ಥರ್ಮಾಸ್ ಕಂಪನಿ ಸುಮ್ಮನಿರುತ್ತದೆಯೇ? 1953ರಲ್ಲಿ ಅದು ರಾಯ್ ರೋಜರ್ಸ್ ಎಂಬ ಮತ್ತೊಬ್ಬ ಕೌಬಾಯ್‌ನನ್ನು ಹಿಡಿದು, ಡಬ್ಬಿಯ ಮೈತುಂಬ ಬಣ್ಣದ ಚಿತ್ರ ಅಚ್ಚು ಹಾಕಿಸಿತು.

ಅಂದು ಅಮ್ಮಂದಿರು ಬ್ರೆಡ್ಡು, ಸೇಬು ತುಂಬಿಸಿ ಕಳಿಸುತ್ತಿದ್ದ ಆ ಡಬ್ಬಿಗಳೇ ಇಂದು ಸಂಗ್ರಾಹಕರು ಗಾಜಿನ ಕಪಾಟಿನಲ್ಲಿ ಇಟ್ಟು ಕಾಯುವ ವಸ್ತುಗಳು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿಯೂ ಇಂಥ ಡಬ್ಬಿಗಳಿಗೆ ಜಾಗ ಸಿಕ್ಕಿದೆ. ಹಳೆಯ ಟಿ.ವಿ. ಕಾರ್ಯಕ್ರಮಗಳ ಆಟಿಕೆ, ಬಿಲ್ಲೆ, ಟೋಪಿ, ಡಬ್ಬಿ, ಗೊಂಬೆಗಳನ್ನು ಕೂಡಿಡುವುದು ಅಂಚೆಚೀಟಿ, ನಾಣ್ಯ ಸಂಗ್ರಹದಂತೆಯೇ ಒಂದು ಗಂಭೀರ ಹವ್ಯಾಸವಾಗಿ ಬೆಳೆದು ಹಲವು ದಶಕಗಳೇ ಆದವು. ಆದರೆ ಒಂದು ವ್ಯತ್ಯಾಸವಿದೆ. ಅಂಚೆಚೀಟಿಯನ್ನು ಹುಡುಗರು ಜೋಪಾನ ಮಾಡುತ್ತಾರೆ. ಆಟಿಕೆಯನ್ನು ಮುರಿಯುತ್ತಾರೆ. ಹಾಗಾಗಿಯೇ ಉಳಿದದ್ದಕ್ಕೆ ಇಷ್ಟು ಬೆಲೆ.

ಹನ್ನೆರಡು ಪುಟಾಣಿ ರಾಕೆಟ್ಟುಗಳು

ಈ ಮಾತಿಗೆ ಒಳ್ಳೆಯ ಉದಾಹರಣೆ ಬೇಕಾದರೆ ಬ್ಯಾಟ್‌ಮನ್ನನ ಕಾರನ್ನು ನೋಡಬೇಕು. ಅಮೆರಿಕದಲ್ಲಿ 1966ರ ಜನವರಿಯಿಂದ 1968ರ ಮಾರ್ಚ್‌ವರೆಗೆ 120 ಕಂತುಗಳಲ್ಲಿ ಪ್ರಸಾರವಾದ ಧಾರಾವಾಹಿ 'ಬ್ಯಾಟ್‌ಮನ್'. ಅದರಲ್ಲಿ ಓಡಿದ ಕರಿಯ ಕಾರು ಮೂಲತಃ ಫೋರ್ಡ್ ಕಂಪನಿಯವರು 1955ರಲ್ಲಿ ಪ್ರದರ್ಶನಕ್ಕೆಂದು ಇಟಲಿಯಲ್ಲಿ ಕೈಯಾರೆ ಕಟ್ಟಿಸಿದ್ದ 'ಲಿಂಕನ್ ಫ್ಯೂಚುರಾ'. ಪ್ರದರ್ಶನ ಮುಗಿದ ಮೇಲೆ ಯಾರಿಗೂ ಬೇಡವಾದ ಆ ಕಾರನ್ನು ಜಾರ್ಜ್ ಬ್ಯಾರಿಸ್ ಎಂಬ ಕಾರು ವಿನ್ಯಾಸಕಾರ ಕೇವಲ 1 ಡಾಲರ್ ಕೊಟ್ಟು ಕೊಂಡಿದ್ದ. ಅದನ್ನೇ ಬಾವಲಿ ರೆಕ್ಕೆಯ ಕಾರನ್ನಾಗಿ ಮಾರ್ಪಡಿಸಿ ಟಿ.ವಿ.ಗೆ ಕೊಟ್ಟ. 2013ರ ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಆ ಕಾರು ಹರಾಜಿಗೆ ಬಂದಾಗ ಕೂಗು ನಿಂತದ್ದು 42 ಲಕ್ಷ ಡಾಲರಿಗೆ. ಹರಾಜುದಾರರ ಕಮಿಷನ್ ಬೇರೆ!

ಅಸಲಿ ಕಾರಿನ ಮಾತು ಕೋಟ್ಯಧೀಶರಿಗೆ ಇರಲಿ. ಮಕ್ಕಳ ಕೈಗೆ ಬಂದದ್ದು ಅಂಗೈಯಗಲದ ಲೋಹದ ಕಾರು. ತಯಾರಿಸಿದವರು ಬ್ರಿಟನ್ನಿನ ವೇಲ್ಸ್ ಪ್ರಾಂತದ ಸ್ವಾನ್ಸಿ ಊರಿನ 'ಕಾರ್ಗಿ' ಕಾರ್ಖಾನೆಯವರು. ಇದರ ಹಿಂದಿನ ಕಥೆಯೂ ಕೇಳುವಂಥದು. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಆಟಿಕೆ ಮಾಡುತ್ತಿದ್ದ ಫಿಲಿಪ್ ಉಲ್‌ಮನ್ ಎಂಬ ಯಹೂದಿ ಉದ್ಯಮಿ, ಹಿಟ್ಲರನ ಕಾಟ ತಾಳಲಾರದೆ ಇಂಗ್ಲೆಂಡಿಗೆ ಬಂದು 1933ರಲ್ಲಿ ಕಟ್ಟಿದ ಕಂಪನಿ 'ಮೆಟ್ಟಾಯ್'. ಅದು 1956ರಲ್ಲಿ ಆರಂಭಿಸಿದ ಪುಟ್ಟ ಕಾರುಗಳ ಸಾಲಿಗೆ ವೇಲ್ಸ್‌ನ ಗಿಡ್ಡ ಕಾಲಿನ ನಾಯಿಯ ಹೆಸರನ್ನೇ ಇಟ್ಟರು.

1966ರಲ್ಲಿ ಮಾರುಕಟ್ಟೆಗೆ ಬಂದ 267ನೇ ನಂಬರಿನ ಬ್ಯಾಟ್‌ಮೊಬೈಲ್ ಒಂದು ಪುಟ್ಟ ಯಂತ್ರಶಾಲೆಯೇ ಸರಿ. ಕಾರನ್ನು ತಳ್ಳಿದರೆ ಹಿಂದಿನ ಕೊಳವೆಯಿಂದ ಬೆಂಕಿಯ ನಾಲಿಗೆಯಂಥ ಕೆಂಪು ಪ್ಲಾಸ್ಟಿಕ್ ತುಂಡು ಹೊರಗೂ ಒಳಗೂ ಆಡುತ್ತಿತ್ತು. ಒಂದು ಗುಂಡಿ ಅದುಮಿದರೆ ಮೂತಿಯಿಂದ ಸರಪಳಿ ಕತ್ತರಿಸುವ ಗರಗಸ ಚಂಗನೆ ಹೊರಬೀಳುತ್ತಿತ್ತು. ಹಿಂಬದಿಯ ಮೂರು ಕೊಳವೆಗಳಿಂದ ಅಕ್ಕಿಕಾಳಿಗಿಂತ ಸ್ವಲ್ಪವೇ ದೊಡ್ಡದಾದ ರಾಕೆಟ್ಟುಗಳು ಹಾರುತ್ತಿದ್ದವು. ಪೆಟ್ಟಿಗೆಯಲ್ಲಿ ಅಂಥ 12 ರಾಕೆಟ್ಟುಗಳು, ಜೊತೆಗೆ 'ಗುಪ್ತ ಸೂಚನೆ'ಗಳ ಒಂದು ಲಕೋಟೆ.

ಆ ರಾಕೆಟ್ಟುಗಳ ಗತಿ ಏನಾಗಿರಬಹುದೆಂದು ಮಕ್ಕಳಿರುವ ಮನೆಯವರಿಗೆ ಹೇಳಬೇಕಾಗಿಲ್ಲ. ಕೆಲವು ಸೋಫಾದ ಸಂದಿಗೆ, ಕೆಲವು ಕಸದ ಪೊರಕೆಗೆ. ಕಾರು ಲಕ್ಷಗಟ್ಟಲೆ ಮಾರಾಟವಾಯಿತು, ಆದ್ದರಿಂದ ಬರಿಯ ಕಾರು ಇವತ್ತಿಗೂ ದುರ್ಲಭವಲ್ಲ. ಆದರೆ ಹನ್ನೆರಡೂ ರಾಕೆಟ್ಟು, ಲಕೋಟೆ, ಮುರಿಯದ ಪೆಟ್ಟಿಗೆ ಎಲ್ಲ ಒಟ್ಟಿಗಿದ್ದರೆ ಅದರ ಬೆಲೆ ಬರಿಗಾರಿನ ಹಲವು ಪಟ್ಟು. ಕಾರಿಗಿಂತ ಕಾರಿನ ರಟ್ಟಿನ ಪೆಟ್ಟಿಗೆಯೇ ತುಟ್ಟಿಯಾಗುವ ವಿಚಿತ್ರ ಲೋಕವಿದು! ಎಲ್ಲಿ ಬೆಲೆಯೋ ಅಲ್ಲಿ ನಕಲಿಯೂ ಉಂಟು. ಹೊಸದಾಗಿ ಅಚ್ಚು ಹಾಕಿದ ರಾಕೆಟ್ಟು, ಹೊಸದಾಗಿ ಮುದ್ರಿಸಿದ ಪೆಟ್ಟಿಗೆಗಳು ಬೇಕಾದಷ್ಟಿವೆ. 'ಇದು ನಕಲು' ಎಂದು ಹೇಳಿ ಮಾರಿದರೆ ತಪ್ಪಿಲ್ಲ. ಹೇಳದೆ ಮಾರುವವರಿರುವುದರಿಂದಲೇ ಅನುಭವಿ ಸಂಗ್ರಾಹಕರು ಭೂತಗನ್ನಡಿ ಇಲ್ಲದೆ ಖರೀದಿಗೆ ಹೋಗುವುದಿಲ್ಲ.

ಅಂದ ಹಾಗೆ, ಮೆಟ್ಟಾಯ್ ಕಂಪನಿ 1983ರಲ್ಲಿ ದಿವಾಳಿಯಾಯಿತು. ಅದರ ಪ್ರತಿಸ್ಪರ್ಧಿ, 'ಡಿಂಕಿ' ಕಾರುಗಳ ಲಿವರ್‌ಪೂಲ್ ಕಾರ್ಖಾನೆ ಅದಕ್ಕೂ ಮೊದಲು, 1979ರಲ್ಲೇ ಬಾಗಿಲು ಹಾಕಿತ್ತು. ಡಿಂಕಿಗೆ ನಮ್ಮ ದೇಶದ ನಂಟೂ ಇದೆ. ಅದರ ಕೆಲವು ಹಳೆಯ ಅಚ್ಚುಗಳು 1960ರ ದಶಕದ ಕೊನೆಯಲ್ಲಿ ಕಲ್ಕತ್ತೆಗೆ ಬಂದು, ಅಲ್ಲಿ 'ನಿಕಿ ಟಾಯ್ಸ್' ಎಂಬ ಹೆಸರಿನಲ್ಲಿ ಕಾರುಗಳಾದವು. ನಮ್ಮವರಿಗೆ ಮರೆತೇ ಹೋಗಿರುವ ಆ ಕಾರುಗಳನ್ನು ವಿದೇಶಿ ಸಂಗ್ರಾಹಕರು ಹುಡುಕುತ್ತಾರೆ.

ಅಂಗಡಿಯಲ್ಲಿ ಸಿಗದ ದ್ವೀಪ

ಬ್ರಿಟನ್ನಿನಲ್ಲಿ 1965-66ರಲ್ಲಿ ಪ್ರಸಾರವಾದ 'ಥಂಡರ್‌ಬರ್ಡ್ಸ್' ಬೊಂಬೆಯಾಟದ ಧಾರಾವಾಹಿ. ಗೆರ್ರಿ ಮತ್ತು ಸಿಲ್ವಿಯಾ ಆಂಡರ್ಸನ್ ದಂಪತಿ ಅದನ್ನು ಸೃಷ್ಟಿಸಿದರು. ಒಟ್ಟು 32 ಕಂತುಗಳು ಮಾತ್ರ. ಅಪಾಯದಲ್ಲಿ ಸಿಕ್ಕಿದವರನ್ನು ರಾಕೆಟ್ಟು, ವಿಮಾನಗಳಲ್ಲಿ ಹೋಗಿ ಕಾಪಾಡುವ ಟ್ರೇಸಿ ಕುಟುಂಬದ ಕಥೆ. ಅವರ ಗುಪ್ತ ನೆಲೆ 'ಟ್ರೇಸಿ ದ್ವೀಪ'. ಈಜುಕೊಳ ಸರಿದು ಅದರಡಿಯಿಂದ ರಾಕೆಟ್ಟು ಏಳುವ ದೃಶ್ಯಕ್ಕೆ ಮಾರುಹೋಗದ ಮಕ್ಕಳಿರಲಿಲ್ಲ.

1991ರಲ್ಲಿ ಬಿ.ಬಿ.ಸಿ. ಅದನ್ನು ಮರುಪ್ರಸಾರ ಮಾಡಿತು. ಮೂಲ ಪ್ರಸಾರ ನೋಡಿ ಬೆಳೆದವರು ಅಷ್ಟರಲ್ಲಿ ಅಪ್ಪ ಅಮ್ಮಂದಿರಾಗಿದ್ದರು. ಈಗ ಅವರೂ ಅವರ ಮಕ್ಕಳೂ ಒಟ್ಟಿಗೆ ಕೂತು ನೋಡಿದರು. 1992ರ ಕ್ರಿಸ್ಮಸ್ಸಿಗೆ ಮ್ಯಾಚ್‌ಬಾಕ್ಸ್ ಕಂಪನಿ ಆಟಿಕೆ ಟ್ರೇಸಿ ದ್ವೀಪವನ್ನು ತಂದಿತು. ಬೇಡಿಕೆಯ ಅಂದಾಜು ಯಾರಿಗೂ ಇರಲಿಲ್ಲ. ಸರಕು ಮುಗಿಯಿತು. ಅಂಗಡಿ ಅಂಗಡಿ ಅಲೆದ ತಂದೆತಾಯಿ ಬರಿಗೈಯಲ್ಲಿ ಮರಳಿದರು. ಮನೆಯಲ್ಲಿ ಮಕ್ಕಳ ಮುಖ ಸಣ್ಣದು.

ಆಗ ಬಂತು 'ಬ್ಲೂ ಪೀಟರ್' ಎಂಬ ಬಿ.ಬಿ.ಸಿ. ಮಕ್ಕಳ ಕಾರ್ಯಕ್ರಮದ ಪರಿಹಾರ. 1993ರ ಜನವರಿಯಲ್ಲಿ ನಿರೂಪಕಿ ಆಂಥಿಯಾ ಟರ್ನರ್ ರಟ್ಟು, ಕಾಗದದ ಮುದ್ದೆ, ಅಡುಗೆಮನೆಯಲ್ಲಿ ಎಸೆಯುವ ಡಬ್ಬಿಗಳಿಂದಲೇ ಟ್ರೇಸಿ ದ್ವೀಪ ಮಾಡುವುದನ್ನು ತೋರಿಸಿಕೊಟ್ಟರು. ಮಾಡುವ ವಿಧಾನದ ಹಾಳೆ ಬೇಕೆಂದು ಬಂದ ಕಾಗದಗಳು ಲಕ್ಷ ದಾಟಿದವು. ದೇಶಾದ್ಯಂತ ಊಟದ ಮೇಜುಗಳ ಮೇಲೆ ಗೋಂದು, ಬಣ್ಣ, ಹಳೆ ಪತ್ರಿಕೆಗಳ ರಾಶಿ. ಕಂಪನಿಯ ಪ್ಲಾಸ್ಟಿಕ್ ದ್ವೀಪ ಇಂದಿಗೂ ಹಳೆ ಸಾಮಾನಿನ ಸಂತೆಗಳಲ್ಲಿ ಕಾಣಸಿಗುತ್ತದೆ. ಅಪ್ಪನೂ ಮಗಳೂ ಕೂಡಿ ಮೆತ್ತಿದ ಕಾಗದದ ದ್ವೀಪ ಎಷ್ಟು ಮಳೆಗಾಲ ತಡೆದೀತು? ಯಾವುದಾದರೂ ಅಟ್ಟದಲ್ಲಿ ಒಂದು ಉಳಿದಿದ್ದರೆ ಅದಕ್ಕೆ ಬೆಲೆ ಕಟ್ಟುವುದು ಹರಾಜುದಾರರಿಗೂ ಕಷ್ಟ.

ಆಟಿಕೆ ಮೊದಲೋ, ಕಥೆ ಮೊದಲೋ?

ಮೊದಲು ಕಥೆ ಜನಪ್ರಿಯವಾಗಿ ಆಮೇಲೆ ಆಟಿಕೆ ಬರುವುದು ಹಳೆಯ ಕ್ರಮ. ಈ ಕ್ರಮ ತಿರುಗುಮುರುಗಾದದ್ದು ಪೋಷಕರು ತಿಳಿಯಬೇಕಾದ ಸಂಗತಿ. 1969ರಲ್ಲಿ ಮ್ಯಾಟೆಲ್ ಕಂಪನಿಯ 'ಹಾಟ್ ವೀಲ್ಸ್' ಕಾರುಗಳ ಹೆಸರಿನಲ್ಲೇ ಅಮೆರಿಕದಲ್ಲಿ ಒಂದು ಕಾರ್ಟೂನ್ ಬಂತು. ಇದು ಕಾರ್ಯಕ್ರಮವಲ್ಲ, ಅರ್ಧ ಗಂಟೆಯ ಜಾಹೀರಾತು ಎಂದು ದೂರು ಕೊಟ್ಟದ್ದು ಇನ್ನೊಂದು ಆಟಿಕೆ ಕಂಪನಿ! ಸರ್ಕಾರದ ಪ್ರಸಾರ ಆಯೋಗ ಆಗ ಆಕ್ಷೇಪವನ್ನು ಒಪ್ಪಿಕೊಂಡಿತು. ಆದರೆ 1980ರ ದಶಕದಲ್ಲಿ ಆಯೋಗದ ಹಿಡಿತ ಸಡಿಲವಾಯಿತು. 1982ರಲ್ಲಿ 'ಹೀ-ಮ್ಯಾನ್' ಗೊಂಬೆ ಬಂತು, ಅದರ ಬೆನ್ನಿಗೇ 1983ರಲ್ಲಿ 130 ಕಂತುಗಳ ಕಾರ್ಟೂನ್. 1984ರ 'ಟ್ರಾನ್ಸ್‌ಫಾರ್ಮರ್ಸ್' ಕಥೆ ಇನ್ನೂ ಸ್ವಾರಸ್ಯ: ಜಪಾನಿನ ಟಕಾರಾ ಕಂಪನಿಯ ಬಳಿ ಮೊದಲೇ ಇದ್ದ ಬೇರೆ ಬೇರೆ ಆಟಿಕೆಗಳನ್ನು ತಂದು, ಅವಕ್ಕೆ ಹೆಸರು, ಜಗಳ, ಪೂರ್ವಕಥೆ ಎಲ್ಲ ಅಮೆರಿಕದಲ್ಲಿ ಬರೆಸಿದರು.

ಇದರ ವಿರುದ್ಧ ದನಿಯೆತ್ತಿದವರು ಬಾಸ್ಟನ್ ಬಳಿಯ ಕೆಲವು ತಾಯಂದಿರು. ಪೆಗ್ಗಿ ಚಾರೆನ್ ಎಂಬಾಕೆಯ ಮುಂದಾಳತ್ವದಲ್ಲಿ ಅವರು 1968ರಲ್ಲೇ ಸಂಘ ಕಟ್ಟಿಕೊಂಡಿದ್ದರು. ವರ್ಷಗಳ ಹೋರಾಟದ ಫಲವಾಗಿ 1990ರಲ್ಲಿ ಅಮೆರಿಕದ ಸಂಸತ್ತು ಕಾಯಿದೆಯೊಂದನ್ನು ಮಾಡಿ, ಮಕ್ಕಳ ಕಾರ್ಯಕ್ರಮಗಳ ನಡುವೆ ವಾರಾಂತ್ಯದಲ್ಲಿ ಗಂಟೆಗೆ ಹತ್ತೂವರೆ ನಿಮಿಷ, ಉಳಿದ ದಿನ 12 ನಿಮಿಷ ಮೀರಿ ಜಾಹೀರಾತು ಇರಬಾರದೆಂದಿತು. ತಮಾಷೆಯೆಂದರೆ, ತಾಯಂದಿರು ಬೈದ ಅದೇ ಗೊಂಬೆಗಳು ಇಂದು ಸಂಗ್ರಾಹಕರ ಅಚ್ಚುಮೆಚ್ಚು.

ಕಳೆದುಹೋದವು, ಮರಳಿದವು

ಸಂಗ್ರಹವೆಂದರೆ ಹುಚ್ಚು ಎಂದು ಮೂಗು ಮುರಿಯುವವರು ಒಂದು ವಿಷಯ ಗಮನಿಸಬೇಕು. ಕಾರ್ಯಕ್ರಮ ತಯಾರಿಸಿದ ಸಂಸ್ಥೆಗಳೇ ಎಸೆದದ್ದನ್ನು ಎಷ್ಟೋ ಸಲ ಉಳಿಸಿದವರು ಅಭಿಮಾನಿಗಳು. ಬಿ.ಬಿ.ಸಿ.ಯ 'ಡಾಕ್ಟರ್ ಹೂ' 1963ರಲ್ಲಿ ಆರಂಭವಾದ ವಿಜ್ಞಾನ ಕಲ್ಪನೆಯ ಧಾರಾವಾಹಿ. ಆ ಕಾಲದಲ್ಲಿ ವಿಡಿಯೋ ಟೇಪು ದುಬಾರಿ. ಹಳೆಯ ಕಂತನ್ನು ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ಮುದ್ರಿಸಿಕೊಳ್ಳುವುದು ರೂಢಿ. ಹೀಗೆ ಹತ್ತಾರು ಕಂತುಗಳು ನಾಶವಾದವು. ಆದರೆ ಅವುಗಳ ಧ್ವನಿ ಮಾತ್ರ ಪೂರ್ತಿಯಾಗಿ ಉಳಿದಿದೆ. ಹೇಗೆ? ಕೆಲವು ಹುಡುಗರು ಮನೆಯ ಟೇಪ್ ರೆಕಾರ್ಡರನ್ನು ಟಿ.ವಿ. ಮುಂದಿಟ್ಟು ವಾರವಾರವೂ ಧ್ವನಿಮುದ್ರಣ ಮಾಡಿಟ್ಟುಕೊಂಡಿದ್ದರು! ಹೊರದೇಶಗಳಿಗೆ ಪ್ರಸಾರಕ್ಕೆಂದು ಕಳಿಸಿದ್ದ ಫಿಲ್ಮು ಪ್ರತಿಗಳ ಬೇಟೆಯೂ ನಡೆಯಿತು. ಕಾಣೆಯಾಗಿದ್ದ ಒಂಬತ್ತು ಕಂತುಗಳು ನೈಜೀರಿಯಾದಲ್ಲಿ ಸಿಕ್ಕಿದ್ದು 2013ರಲ್ಲಿ ಪ್ರಕಟವಾಯಿತು.

'ಸ್ಟಾರ್ ಟ್ರೆಕ್' ಧಾರಾವಾಹಿಯ ಅಂತರಿಕ್ಷ ನೌಕೆ 'ಎಂಟರ್‌ಪ್ರೈಸ್'ನ ಕಥೆ ಇನ್ನೊಂದು ಬಗೆಯದು. 1966ರಿಂದ 1969ರವರೆಗೆ 79 ಕಂತು ನಡೆದ ಆ ಧಾರಾವಾಹಿಯ ಚಿತ್ರೀಕರಣಕ್ಕೆ ಮಾಡಿದ್ದ 11 ಅಡಿ ಉದ್ದದ ಮಾದರಿ 1974ರಲ್ಲಿ ಸ್ಮಿತ್‌ಸೋನಿಯನ್ ಸೇರಿತು. ನಿಜವಾದ ವಿಮಾನ, ರಾಕೆಟ್ಟುಗಳ ಸಾಲಿನಲ್ಲಿ ಈ ಸುಳ್ಳು ನೌಕೆಗೂ ಗೌರವದ ಸ್ಥಾನ. ಆದರೆ ಅದಕ್ಕೂ ಮೊದಲು ಮಾಡಿದ ಸುಮಾರು 3 ಅಡಿಯ ಚಿಕ್ಕ ಮಾದರಿಯೊಂದಿತ್ತು. ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಅದನ್ನು ಸಿನಿಮಾ ಕೆಲಸಕ್ಕೆಂದು 1970ರ ದಶಕದ ಕೊನೆಯಲ್ಲಿ ಎರವಲು ಕೊಟ್ಟರು. ಹೋದದ್ದು ಮರಳಲಿಲ್ಲ. ರಾಡನ್‌ಬೆರಿ 1991ರಲ್ಲಿ ತೀರಿಕೊಂಡರು. ನಾಲ್ಕು ದಶಕ ದಾಟಿದ ಮೇಲೆ, 2023ರಲ್ಲಿ, ಅದು ಇದ್ದಕ್ಕಿದ್ದಂತೆ ಇಂಟರ್‌ನೆಟ್ ಹರಾಜಿನಲ್ಲಿ 1,000 ಡಾಲರ್ ಮೊದಲ ಬೆಲೆಗೆ ಕಾಣಿಸಿಕೊಂಡಿತು! ಗುರುತು ಹಿಡಿದ ಅಭಿಮಾನಿಗಳು ಹುಯಿಲೆಬ್ಬಿಸಿದರು. ತಜ್ಞರ ಪರಿಶೀಲನೆಯ ನಂತರ 2024ರಲ್ಲಿ ಅದು ರಾಡನ್‌ಬೆರಿಯವರ ಮಗನ ಕೈ ಸೇರಿತು.

ಬೆಲೆ ಏರುವುದು, ಇಳಿಯುವುದು

ಹಾಗಾದರೆ ಮಕ್ಕಳ ಆಟಿಕೆಯನ್ನು ಪೆಟ್ಟಿಗೆ ಒಡೆಯದೆ ಬೀರುವಿನಲ್ಲಿಟ್ಟರೆ ಮುಂದೆ ಮದುವೆ ಖರ್ಚಿಗಾದೀತೇ ಎಂದು ಲೆಕ್ಕ ಹಾಕುವ ಪೋಷಕರಿದ್ದರೆ, ಅವರು ರಾಯ್ ರೋಜರ್ಸ್‌ನ ಕುದುರೆಯ ಕಥೆ ಕೇಳಬೇಕು.

ಊಟದ ಡಬ್ಬಿಯ ಮೇಲೆ ಬಂದ ಆ ಕೌಬಾಯ್‌ನ ಟಿ.ವಿ. ಕಾರ್ಯಕ್ರಮ 1951ರಿಂದ 1957ರವರೆಗೆ ನಡೆಯಿತು. ಅವನಷ್ಟೇ ಹೆಸರಾದದ್ದು ಅವನ ಕುದುರೆ ಟ್ರಿಗರ್. 1965ರಲ್ಲಿ ಅದು ಸತ್ತಾಗ ರೋಜರ್ಸ್ ಅದರ ಚರ್ಮಕ್ಕೆ ಆಕಾರ ಕೊಡಿಸಿ, ಮುಂಗಾಲೆತ್ತಿ ನಿಂತ ಭಂಗಿಯಲ್ಲಿ ತನ್ನ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ. ಕ್ಯಾಲಿಫೋರ್ನಿಯಾದ ಆ ಸಂಗ್ರಹಾಲಯಕ್ಕೆ ವರ್ಷಗಟ್ಟಲೆ ಜನ ಬಂದರು. ಕಾಲ ಸರಿಯಿತು. ರೋಜರ್ಸ್ 1998ರಲ್ಲಿ ತೀರಿಕೊಂಡ. 2003ರಲ್ಲಿ ಸಂಗ್ರಹಾಲಯವನ್ನು ಪ್ರವಾಸಿಗರು ಹೆಚ್ಚು ಬರುವ ಮಿಸ್ಸೌರಿಯ ಬ್ರಾನ್ಸನ್ ಊರಿಗೆ ಸಾಗಿಸಿದರು. ಅಲ್ಲಿಯೂ ಜನ ಕಡಿಮೆಯಾಗುತ್ತ ಬಂದರು. ಅಂದು ಟಿ.ವಿ. ಮುಂದೆ ಕೂತ ಮಕ್ಕಳು ಈಗ ಅಜ್ಜ ಅಜ್ಜಿಯರು. ಅವರ ಮೊಮ್ಮಕ್ಕಳಿಗೆ ಟ್ರಿಗರ್ ಬರಿಯ ಒಂದು ಕುದುರೆ. 2009ರ ಕೊನೆಗೆ ಬಾಗಿಲು ಮುಚ್ಚಿತು. 2010ರ ಜುಲೈಯಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಟ್ರಿಗರ್ 2,66,500 ಡಾಲರಿಗೆ ನೆಬ್ರಾಸ್ಕಾದ ಗ್ರಾಮೀಣ ಟಿ.ವಿ. ಕಂಪನಿಯೊಂದರ ಪಾಲಾಯಿತು.

ಟಿ.ವಿ. ಸ್ಮರಣಿಕೆಗಳ ಬೆಲೆಯ ಗುಟ್ಟು ಇಲ್ಲಿದೆ. ಬಂಗಾರಕ್ಕೆ ಇರುವಂಥ ಬೆಲೆ ಇವಕ್ಕಿಲ್ಲ. ಬಾಲ್ಯದಲ್ಲಿ ನೋಡಿದವರು ನಲವತ್ತು, ಐವತ್ತು ದಾಟಿ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಬೆಲೆ ಏರುತ್ತದೆ. ಆ ತಲೆಮಾರು ಸರಿದಂತೆ ಸಾಮಾನ್ಯ ವಸ್ತುಗಳ ಬೆಲೆ ಇಳಿಯುತ್ತದೆ. ಮಗುವಿಗೆ ಕೊಟ್ಟ ಆಟಿಕೆಯಲ್ಲಿ ಮಗು ಆಡದೆ ಇರುವಂತೆ ಮಾಡಿ ಗಳಿಸುವ ಲಾಭ ಅಷ್ಟರಲ್ಲೇ ಇದೆ.

ನಮ್ಮ ಅಂಗಳದಲ್ಲಿ

ದೆಹಲಿಯಲ್ಲಿ ದೂರದರ್ಶನ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು. ಬೆಂಗಳೂರು ಕೇಂದ್ರ 1981ರ ನವೆಂಬರ್ 1ರಂದು. 1987ರ ಜನವರಿಯಲ್ಲಿ ರಮಾನಂದ ಸಾಗರರ 'ರಾಮಾಯಣ', ಮರುವರ್ಷ ಬಿ.ಆರ್. ಛೋಪ್ರಾ ಅವರ 'ಮಹಾಭಾರತ' ಬಂದಾಗ ಭಾನುವಾರದ ಬೀದಿಗಳು ಬಿಕೋ ಎನ್ನುತ್ತಿದ್ದುದು ಹಿರಿಯರಿಗೆ ನೆನಪಿದೆ. ಜಾತ್ರೆಯ ಅಂಗಡಿಗಳಲ್ಲಿ ಬಿಲ್ಲು ಬಾಣ, ಗದೆ, ಕಿರೀಟಗಳಿಗೆ ಗಿರಾಕಿ ಹೆಚ್ಚಿದರು. ಆದರೆ ಆ ರಟ್ಟಿನ ಕಿರೀಟವನ್ನು ಎತ್ತಿಟ್ಟವರು ಎಷ್ಟು ಮಂದಿ? ಮಳೆಗೆ ನೆನೆದೋ ಗುಜರಿಗೆ ಹೋಗಿಯೋ ಮುಗಿಯಿತು. 1997ರಿಂದ 2005ರವರೆಗೆ ನಡೆದ 'ಶಕ್ತಿಮಾನ್'ನ ಕೆಂಪು ದಿರಿಸಿನ ಗತಿಯೂ ಅದೇ.

ಹೀ-ಮ್ಯಾನ್ ಕಾರ್ಟೂನನ್ನು ದೂರದರ್ಶನವೂ ತೋರಿಸಿತ್ತು. 'ಲಿಯೋ' ಹೆಸರಿನಲ್ಲಿ ಅದರ ಗೊಂಬೆಗಳು ಭಾರತದಲ್ಲೇ ತಯಾರಾದವು. ಎಂ.ಆರ್.ಎಫ್. ಟೈರು ಕಂಪನಿಯ ಬಳಗದ ಫನ್‌ಸ್ಕೂಲ್, ಅಮೆರಿಕದ ಹ್ಯಾಸ್‌ಬ್ರೋ ಜೊತೆ ಸೇರಿ 'ಜಿ.ಐ. ಜೋ' ಸೈನಿಕರನ್ನು ಮಾಡಿತು. ಅಚ್ಚು ಅಮೆರಿಕದ್ದು, ಬಣ್ಣ ಮಾತ್ರ ಎಷ್ಟೋ ಕಡೆ ಬೇರೆ. ಆ ಬೇರೆತನಕ್ಕಾಗಿಯೇ ಅಮೆರಿಕದ ಸಂಗ್ರಾಹಕರು ಭಾರತದ ಗೊಂಬೆಗಳನ್ನು ಕೇಳಿ ಪಡೆಯುತ್ತಾರೆ. ತೊಂಬತ್ತರ ದಶಕದಲ್ಲಿ ಬಾಲ್ಯ ಕಳೆದವರ ಮನೆಯ ಅಟ್ಟದ ಗೋಣಿಚೀಲದಲ್ಲಿ ಅಂಥ ಸೈನಿಕನೊಬ್ಬ ಕುಂಟುತ್ತ ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಕನ್ನಡಿಗರಿಗೆ ಹೆಮ್ಮೆಯ 'ಮಾಲ್ಗುಡಿ ಡೇಸ್'ಗೆ ಆಟಿಕೆಯ ಸಾಲು ಬರಲಿಲ್ಲ. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ 1986ರ ಹೊತ್ತಿಗೆ ಆಗುಂಬೆಯಲ್ಲಿ ಚಿತ್ರಿಸಿದರು. ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಂಡದ್ದು ಶಿವಮೊಗ್ಗ-ತಾಳಗುಪ್ಪ ಮಾರ್ಗದ ಅರಸಾಳು. ಮುಂದೆ ಹಳಿ ಅಗಲವಾಯಿತು, ಹೊಸ ನಿಲ್ದಾಣ ಬಂತು, ಹಳೆಯ ಕಟ್ಟಡ ಪಾಳು ಬಿತ್ತು. ಹೆಂಚು ಉದುರುತ್ತಿದ್ದ ಆ ಕಟ್ಟಡವನ್ನು ನೈಋತ್ಯ ರೈಲ್ವೆ ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಕೆಲಸದ ಹೊಣೆ ಹೊತ್ತವರು ಅಂದು ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ. ರಜೆಯಲ್ಲಿ ಜೋಗಕ್ಕೆ ಹೋಗುವ ಕುಟುಂಬಗಳು ದಾರಿಯಲ್ಲಿ ಅರ್ಧ ಗಂಟೆ ಇಲ್ಲಿ ಇಳಿಯಬಹುದು.

ಕೂಡಿಡುವವರಿಗೆ

ಈ ಹವ್ಯಾಸಕ್ಕೆ ದುಡ್ಡಿಗಿಂತ ಶಿಸ್ತು ಮುಖ್ಯ. ಆಟಿಕೆಯನ್ನು ಕಿಟಕಿಯ ಬಳಿ ಇಡಬೇಡಿ. ಬಿಸಿಲಿಗೆ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಬಣ್ಣ ಮಾಸುತ್ತದೆ. ಎತ್ತಿಡುವ ಮುನ್ನ ಬ್ಯಾಟರಿ ತೆಗೆಯಿರಿ, ಇಲ್ಲವಾದರೆ ಅದು ಸೋರಿ ಒಳಗಿನ ತಂತಿಗಳನ್ನೆಲ್ಲ ತಿಂದುಹಾಕುತ್ತದೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಕಾಲಕ್ರಮೇಣ ಕರಗಿ ಅಂಟುತ್ತದೆ. ಮಲೆನಾಡು, ಕರಾವಳಿಯವರಿಗೆ ಬೂಷ್ಟಿನ ಭಯ ಹೆಚ್ಚು. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಪೊಟ್ಟಣವನ್ನು ಎಸೆಯದೆ ಇಲ್ಲಿ ಬಳಸಬಹುದು. ಮುರಿದದ್ದನ್ನು ಅವಸರದಲ್ಲಿ ಗೋಂದು ಹಾಕಿ ಅಂಟಿಸುವುದಕ್ಕಿಂತ ತುಂಡನ್ನು ಲಕೋಟೆಯಲ್ಲಿ ಜೊತೆಗಿಡುವುದು ಲೇಸು. ಹಳೆಯ ಆಟಿಕೆಗಳ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಬಾಯಿಗೆ ಹಾಕುವ ಕೂಸುಗಳ ಕೈಗೆ ಅವು ಸಿಗಕೂಡದು.

ಇನ್ನು ಒಂದು ನೋಟುಪುಸ್ತಕ. ವಸ್ತು ಯಾವುದು, ಯಾವ ಕಾರ್ಯಕ್ರಮದ್ದು, ಯಾರು ಕೊಟ್ಟರು, ಎಲ್ಲಿ ಕೊಂಡದ್ದು, ಎಷ್ಟಕ್ಕೆ, ಏನು ಮುರಿದಿದೆ - ಪ್ರತಿಯೊಂದಕ್ಕೂ ನಾಲ್ಕು ಸಾಲು ಬರೆದಿಡಿ. ಅಜ್ಜಿಯನ್ನೂ ಅತ್ತೆಯನ್ನೂ ಕೇಳಿ, ಮೊದಲ ಟಿ.ವಿ. ಮನೆಗೆ ಬಂದ ವರ್ಷ, ನೆರೆಹೊರೆಯವರು ಕಿಟಕಿಯಿಂದ ಇಣುಕಿ ನೋಡುತ್ತಿದ್ದ ಕಾರ್ಯಕ್ರಮ ಯಾವುದೆಂದು ಅವರಿಗೆ ಗೊತ್ತಿರುತ್ತದೆ. ಅದನ್ನೂ ದಿನಾಂಕ ಸಹಿತ ಅದೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.